ಕೂತಲ್ಲೇ ಓಡಿದವನು

ನಮ್ಮ ಕಟ್ಟಡದಲ್ಲಿ ಲಿಫ್ಟ್ ನಡೆಸುವವನನ್ನು ಎಲ್ಲರೂ ಪೈಲಟ್ ಎನ್ನುತ್ತಾರೆ. ಹೆಸರಿಟ್ಟವರು ಎರಡನೇ ಮಹಡಿಯ ನರ್ಸುಗಳು. ಹಳೆಯ ಲಿಫ್ಟ್ ಇದ್ದಾಗ ಅವನು ಹತ್ತಿದವರಿಗೆಲ್ಲ ಪ್ರಕಟಣೆ ಹೇಳುತ್ತಿದ್ದ: ಒಂದನೇ ಮಹಡಿ ಹಲ್ಲು, ಎರಡನೇ ಮಹಡಿ ಸಕ್ಕರೆ ಮತ್ತು ರಕ್ತ, ಮೂರನೇ ಮಹಡಿ ಮೂಳೆ, ಅಲ್ಲಿಂದ ಮೇಲೆ ಕಾಯಿಲೆ ಇಲ್ಲ, ಬಾಡಿಗೆಯವರು ಮಾತ್ರ. ಮೇಲಿನ ಆ ಬಾಡಿಗೆಯವರಲ್ಲಿ ನಾನೂ ಒಬ್ಬಳು. ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸಿ ನಿವೃತ್ತಳಾದವಳು. ಈ ಕಥೆಗೆ ನನ್ನಿಂದ ಬೇಕಾದದ್ದು ಅಷ್ಟೇ. ಉಳಿದದ್ದು ಪೈಲಟ್‌ಗೆ, ಅವನ ಹೆಂಡತಿಗೆ ಮತ್ತು ಒಂದು ಕೈಗಡಿಯಾರಕ್ಕೆ ಸೇರಿದ್ದು.

ಹಳೆಯ ಲಿಫ್ಟಿಗೆ ಮಡಚುವ ಜಾಲರಿ ಬಾಗಿಲಿತ್ತು. ಅದು ಮೇಲೇರುವಾಗ ಗೋಡೆಯ ಸುಣ್ಣ, ಜೋತುಬಿದ್ದ ತಂತಿ, ಮಹಡಿಯಲ್ಲಿ ಕಾಯುತ್ತ ನಿಂತವರ ಚಪ್ಪಲಿ, ಆಮೇಲೆ ಮೊಣಕಾಲು, ಆಮೇಲೆ ಮುಖ ಎಲ್ಲವೂ ಕಾಣುತ್ತಿದ್ದವು. ಗಡಗಡ ಅಲುಗುತ್ತಿದ್ದ ಆ ಲಿಫ್ಟನ್ನು ನಂಬಿದವನು ಪೈಲಟ್ ಒಬ್ಬನೇ. ಅದರಲ್ಲಿ ಅವನು ಅರ್ಧ ಆಯುಷ್ಯ ಕಳೆದ. ಅದು ಹಳತಾಯಿತೆಂದು ಕಟ್ಟಡದ ಸಂಘದವರು ಕಿತ್ತು ಹೊಸದನ್ನು ಹಾಕಿಸಿದರು. ಹೊಸದು ಉಕ್ಕಿನ ಪೆಟ್ಟಿಗೆ. ಬಾಗಿಲಿನ ಎರಡು ಹಲಗೆಗಳು ಸದ್ದಿಲ್ಲದೆ ಬಂದು, ಅವುಗಳ ಕಪ್ಪು ರಬ್ಬರಿನ ಅಂಚು ಒಂದಕ್ಕೊಂದು ಅಂಟಿಕೊಂಡರೆ ನಡುವೆ ಒಂದು ಕಾಗದವೂ ತೂರುವುದಿಲ್ಲ. ಹಿಂದೆ ಕನ್ನಡಿ, ಮೇಲೆ ಬಿಳಿ ದೀಪ, ಮೂಲೆಯಲ್ಲಿ ಗುಂಡಿಗಳ ಪಕ್ಕ ಪೈಲಟ್‌ನ ಸ್ಟೂಲು.

ಮೊದಲ ದಿನ ಆ ಬಾಗಿಲು ಮುಚ್ಚಿದಾಗಲೇ ಪೈಲಟ್‌ಗೆ ಉಸಿರು ಕಟ್ಟಿತು. ಗಾಳಿ ಇದೆ ಎಂದು ತಲೆಗೆ ಗೊತ್ತು, ಎದೆಗೆ ಗೊತ್ತಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ಬಾಗಿಲು ತೆರೆದ ಕೂಡಲೇ ಎಲ್ಲವೂ ಇಳಿದುಹೋಗುತ್ತಿತ್ತು. ನಾಲ್ಕು ದಿನಕ್ಕೆ ರೂಢಿಯಾಗುತ್ತದೆ ಎಂದುಕೊಂಡ. ಆಗಲಿಲ್ಲ. ಆಗ ಅವನೊಂದು ಉಪಾಯ ಕಂಡುಕೊಂಡ. ಯಾರೇ ಇಳಿಯಲಿ, ತಾನೂ ಜೊತೆಗೆ ಹೊರಗೆ ಕಾಲಿಡುವುದು, ಎಡಗಾಲಿನಿಂದ ಬಾಗಿಲು ತಡೆದು ನಿಲ್ಲುವುದು, ರೋಗಿಯ ಕೈ ಹಿಡಿದು ಎರಡು ಹೆಜ್ಜೆ ನಡೆಸುವುದು, ಯಾವ ಬಾಗಿಲು ಎಂದು ಬೆರಳು ತೋರಿಸುವುದು, ಸಾಧ್ಯವಾದಷ್ಟು ನಿಧಾನವಾಗಿ ಒಳಗೆ ಬರುವುದು. ಇಡೀ ಕಟ್ಟಡ ಅವನ ಸೌಜನ್ಯವನ್ನು ಕೊಂಡಾಡಿತು. ದಂತವೈದ್ಯೆಯಂತೂ ತನ್ನ ಸಿಬ್ಬಂದಿಗೆ, ಲಿಫ್ಟಿನವನನ್ನು ನೋಡಿ ಕಲಿಯಿರಿ ಎಂದಳಂತೆ. ಹೊಗಳಿಕೆ ಹೆಚ್ಚಿದಷ್ಟೂ ಅವನು ನಿಜ ಹೇಳುವ ದಾರಿ ಇಕ್ಕಟ್ಟಾಗುತ್ತ ಹೋಯಿತು.

ಅವನು ಹೇಳದಿರಲು ಗಟ್ಟಿ ಕಾರಣವಿತ್ತು. ಹೊಸ ಲಿಫ್ಟಿನಲ್ಲಿ ಗುಂಡಿ ಒತ್ತಿದರೆ ಸಾಕು, ಅದು ತಾನೇ ಹೋಗುತ್ತದೆ. ಗುಂಡಿ ಒತ್ತಲು ಒಬ್ಬ ಆಳು ಯಾಕೆ ಎಂದು ಸಂಘದ ಕಾರ್ಯದರ್ಶಿ ಪ್ರತಿ ಸಭೆಯಲ್ಲೂ ಕೇಳುತ್ತಿದ್ದರು. ಗಾಲಿಕುರ್ಚಿಯ ರೋಗಿಗಳು ಬರುತ್ತಾರೆ ಎಂಬ ಒಂದೇ ಕಾರಣಕ್ಕೆ ವೈದ್ಯರು ಅವನನ್ನು ಉಳಿಸಿಕೊಂಡಿದ್ದರು. ಇನ್ನೊಂದು ಮಾತು, ನೀರೆತ್ತುವ ಪಂಪಿನ ಕೋಣೆಯ ಹಿಂದಿನ ಮನೆ. ಮನೆ ಎಂದರೆ ಒಂದು ಕೋಣೆ, ಒಲೆ ಇಡುವಷ್ಟು ಜಾಗ, ಪಂಪು ಹೊರಟಾಗ ನಡುಗುವ ಗೋಡೆ. ಅದು ಲಿಫ್ಟ್ ನಡೆಸುವವನಿಗೆ ಮಾತ್ರ. ಗೇಟಿನ ಕಾವಲುಗಾರರು ಏಜೆನ್ಸಿಯಿಂದ ಬರುತ್ತಾರೆ, ಅವರಿಗೆ ಮನೆ ಇಲ್ಲ. ಲಿಫ್ಟಿಗೆ ಹೆದರುವ ಲಿಫ್ಟಿನವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಕೆಲಸ ಹೋದರೆ ಅವನು, ಹೆಂಡತಿ, ಮಗಳು ಮೂವರೂ ಬೀದಿಗೆ.

ಅವನ ಹೆಂಡತಿಯೂ ಇದೇ ಕಟ್ಟಡದಲ್ಲಿ ಕೆಲಸ ಮಾಡುತ್ತಾಳೆ. ಮೆಟ್ಟಿಲು ಮತ್ತು ಮೊಗಸಾಲೆ ಒರೆಸುವುದು ಅವಳ ಪಾಲು. ಬಕೆಟ್ ಹಿಡಿದವರು ಲಿಫ್ಟ್ ಹತ್ತಬಾರದೆಂದು ಗೋಡೆಯ ಮೇಲೆ ಬರೆದಿದೆ. ಹಾಗಾಗಿ ಗಂಡ ನಡೆಸುವ ಹೊಸ ಲಿಫ್ಟಿನಲ್ಲಿ ಅವಳು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಅವನು ಪೆಟ್ಟಿಗೆಯೊಳಗೆ ಏರಿಳಿಯುವಾಗ ಅವಳು ಅದೇ ಗೋಡೆಯ ಆಚೆ ಬದಿಯಲ್ಲಿ ಏರಿಳಿಯುತ್ತಿದ್ದಳು.

ಗಡಿಯಾರ ಬಂದದ್ದು ಹೀಗೆ. ಎರಡನೇ ಮಹಡಿಯ ವೈದ್ಯರು ಪೈಲಟ್‌ನ ರಕ್ತ ನೋಡಿ, ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸು, ಇಲ್ಲವಾದರೆ ಸೂಜಿ ಚುಚ್ಚಿಕೊಳ್ಳಬೇಕಾಗುತ್ತದೆ ಎಂದರು. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಒಂದು ಗಡಿಯಾರವನ್ನು ಮಾಲೀಕನಿಂದ ಕೇಳಿ ತಂದಳು. ಕೈಗೆ ಕಟ್ಟಿದರೆ ಅದರ ಬೆನ್ನಲ್ಲಿ ಹಸಿರು ದೀಪ ಮಿನುಗುತ್ತದೆ. ಎದೆಬಡಿತ ಎಷ್ಟು, ಅದರಿಂದ ಎಷ್ಟು ಕ್ಯಾಲರಿ ಕರಗಿತು ಎಂಬುದೆಲ್ಲ ಮಗಳ ಫೋನಿಗೆ ಬರುತ್ತದೆ.

ಮೊದಲ ಸಂಜೆಯೇ ಮಗಳು ಫೋನು ನೋಡಿ ಹುಬ್ಬೇರಿಸಿದಳು. ಅಪ್ಪ ಮೈದಾನದಲ್ಲಿ ಓಡಿದಷ್ಟು ಕರಗಿಸಿದ್ದಾರೆ ಎಂದಳು. ಕೂತಲ್ಲೇ? ಎಂದು ಹೆಂಡತಿ ಕೇಳಿದಳು. ಅದು ಕೂತಿದ್ದು ನಿಂತಿದ್ದು ನೋಡಲ್ಲಮ್ಮ, ಎದೆಬಡಿತ ನೋಡುತ್ತೆ, ಎದೆ ದುಡಿದರೆ ಮೈ ದುಡಿದ ಹಾಗೆ ಎಂದು ಮಗಳು ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವುದನ್ನೇ ಹೇಳಿದಳು. ಪರೀಕ್ಷಿಸಿಯೇ ಬಿಡೋಣವೆಂದು ಹೆಂಡತಿ ಗಂಡನ ಒಂದು ರಜೆಯ ದಿನ ಗಡಿಯಾರವನ್ನು ತಾನು ಕಟ್ಟಿಕೊಂಡು ಆರು ಮಹಡಿಯ ಮೆಟ್ಟಿಲು ಒರೆಸಿದಳು. ಅವಳ ಮಣಿಕಟ್ಟು ಸಣ್ಣದು, ಪಟ್ಟಿ ಸಡಿಲವಾಗಿ ಜಾರುತ್ತಿತ್ತು, ಮೇಲೆ ಸೋಪಿನ ನೀರು ಬೇರೆ. ಬೆಳಕು ಚರ್ಮಕ್ಕೆ ನೆಟ್ಟಗೆ ತಾಗದಿದ್ದರೆ ಆ ಯಂತ್ರಕ್ಕೆ ಬಡಿತ ಸಿಗುವುದಿಲ್ಲ. ಸಂಜೆ ನೋಡಿದರೆ ಸ್ಟೂಲಿನ ಮೇಲೆ ಕೂತ ಗಂಡನದರಲ್ಲಿ ಅರ್ಧವೂ ಇಲ್ಲ.

ಇದರಿಂದ ಆದ ತಪ್ಪು ಆ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು. ಹೆಂಡತಿ ಮೊದಲು ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿದ್ದವಳು. ಅಲ್ಲಿ ಆಟಕ್ಕೆ ಹೋಗುವ ಹುಡುಗರಿಗೆ ಒಂದು ಸೌಟು ಹೆಚ್ಚು, ಕೂತು ಓದುವವರಿಗೆ ಒಂದು ಸೌಟು ಕಡಿಮೆ. ಅದೇ ಲೆಕ್ಕವನ್ನು ಅವಳು ಮನೆಗೂ ತಂದಳು. ದುಡಿದವನು ತಿನ್ನಬೇಕು. ಅಷ್ಟು ಕರಗಿಸಿ ಅರೆಹೊಟ್ಟೆ ಉಂಡರೆ ಮನುಷ್ಯ ಬಿದ್ದುಹೋಗುತ್ತಾನೆ. ಪ್ರತಿ ಸಂಜೆ ಮಗಳು ಫೋನು ನೋಡಿ ಹೇಳುವುದು, ಅದನ್ನು ಕೇಳಿಕೊಂಡು ಹೆಂಡತಿ ಬಡಿಸುವುದು. ಎದೆ ಹೆಚ್ಚು ಹೊಡೆದುಕೊಂಡ ದಿನ ತಟ್ಟೆಯಲ್ಲಿ ಹೆಚ್ಚು ಅನ್ನ, ಜೊತೆಗೆ ಒಂದು ಮೊಟ್ಟೆ.

ಪೈಲಟ್ ತಟ್ಟೆ ನೋಡುತ್ತಿದ್ದ. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಉಣ್ಣುತ್ತಿದ್ದ.

ಗೇಟಿನ ಕಾವಲುಗಾರನಿಗೆ ಈ ಸುದ್ದಿ ಸಿಕ್ಕಿದ್ದೇ ತಡ, ಬೆಳಗಿನ ಸಲಾಮಿಗೆ ಹೊಸ ಮಾತು ಸೇರಿತು. "ಏನ್ ಪೈಲಟ್ ಸಾಹೇಬ್ರೇ, ಕೂತಲ್ಲೇ ಓಡ್ತೀರಂತೆ? ಸ್ವಲ್ಪ ನಮಗೂ ಕಲಿಸಿ, ಈ ಹೊಟ್ಟೆ ಒಂದು ಕರಗಲಿ."

ಕೆಲವು ವಾರಗಳ ಮೇಲೆ ನರ್ಸು ಅವನನ್ನು ತಕ್ಕಡಿಯ ಮೇಲೆ ನಿಲ್ಲಿಸಿದಾಗ ಮುಳ್ಳು ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಹೋಗಿತ್ತು. ವೈದ್ಯರು ಅವನ ಮುಖ ನೋಡಲಿಲ್ಲ, ಅವನ ಹೆಂಡತಿಯನ್ನು ಕರೆಸಿ ಅವಳ ಮುಖ ನೋಡಿದರು. ಅವಳಿಗೆ ಅವಮಾನವಾಯಿತು. ಗಡಿಯಾರ ಹೇಳುವಷ್ಟು ಕರಗಿ, ತಾನು ಅಳೆದು ಬಡಿಸಿದ್ದಷ್ಟೇ ಒಳಗೆ ಹೋಗಿದ್ದರೆ ತೂಕ ಏರಲು ಸಾಧ್ಯವಿಲ್ಲ. ಏರಿದೆ ಎಂದರೆ ಹೊರಗೆ ತಿನ್ನುತ್ತಿದ್ದಾನೆ. ಆ ದಿನದಿಂದ ಅವನ ಅಂಗಿಯ ಜೇಬು ತಪಾಸಣೆಗೆ ಒಳಗಾಯಿತು. ನರ್ಸುಗಳನ್ನು ಕರೆದು, ಇವರಿಗೆ ಬಿಸ್ಕತ್ತು ಕೊಟ್ಟಿರಾ ಎಂದು ವಿಚಾರಿಸಿದಳು. ಅವರು ನಕ್ಕರು, ಆ ನಗು ಅವಳಿಗೆ ಒಪ್ಪಿಗೆಯಂತೆ ಕಂಡಿತು.

"ರೀ, ನಿಜ ಹೇಳಿ. ಮೇಲೆ ಯಾರು ಏನು ತಿನ್ನಿಸ್ತಾರೆ ನಿಮಗೆ?"

"ಯಾರೂ ಏನೂ ತಿನ್ನಿಸಲ್ಲ ಕಣೇ."

"ಹಾಗಾದ್ರೆ ಕರಗಿದ್ದೆಲ್ಲ ಎಲ್ಲಿ ಹೋಯ್ತು?"

ಅವನ ಬಳಿ ಉತ್ತರವಿತ್ತು. ಕರಗಿಯೇ ಇಲ್ಲ, ಗಡಿಯಾರದ ಲೆಕ್ಕ ತಪ್ಪು ಎಂದರೆ ಸಾಕಿತ್ತು. ಆದರೆ ಲೆಕ್ಕ ತಪ್ಪಾದರೆ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ಕದ್ದು ತಿನ್ನುವವನೆಂಬ ಹೆಸರನ್ನು ಅವನು ತಲೆಯ ಮೇಲೆ ಎಳೆದುಕೊಂಡ. ಹಗಲು ಉಕ್ಕಿನ ಪೆಟ್ಟಿಗೆ, ಸಂಜೆ ಪಂಪಿನ ಗೋಡೆ ನಡುಗುವ ಕೋಣೆಯಲ್ಲಿ ಹೆಂಡತಿಯ ಕಣ್ಣು. ಎರಡರಲ್ಲಿ ಯಾವುದು ಹೆಚ್ಚು ಇಕ್ಕಟ್ಟು ಎಂದು ಹೇಳುವುದು ಕಷ್ಟ.

ಮೂರನೇ ಮಹಡಿಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಮಹಾಶಯ ಉಪಕಾರ ಮಾಡಲು ಹೋಗಿ ಅವನನ್ನು ಇನ್ನಷ್ಟು ಸಿಕ್ಕಿಸಿದ. ಇಂಥ ಗಡಿಯಾರಗಳನ್ನು ನಂಬಬೇಡಿ, ನಾನು ಪರೀಕ್ಷೆ ಮಾಡುತ್ತೇನೆ ಎಂದು ಪೈಲಟ್‌ನ ಎದೆಗೆ ತನ್ನ ಬೆಲ್ಟು ಬಿಗಿದು ಓಡುವ ಯಂತ್ರದ ಮೇಲೆ ನಡೆಸಿದ. ಎದೆಯ ಬೆಲ್ಟು ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ, ಕೈಗಡಿಯಾರಕ್ಕಿಂತ ನಂಬಿಕಸ್ತ. ಎರಡೂ ಹೆಚ್ಚುಕಡಿಮೆ ಒಂದೇ ಬಡಿತ ತೋರಿಸಿದವು. ಫಿಸಿಯೋ ಅಷ್ಟಕ್ಕೆ ತೃಪ್ತನಾಗಿ ಗಡಿಯಾರ ಸರಿಯಾಗಿದೆ ಎಂದು ತೀರ್ಪು ಕೊಟ್ಟ. ಬಡಿತ ಸರಿಯಿದ್ದರೆ ಕ್ಯಾಲರಿಯೂ ಸರಿಯಿರಬೇಕಿಲ್ಲ. ಅದು ಬೇರೆ ಪ್ರಶ್ನೆ, ಅವನು ಕೇಳಲಿಲ್ಲ. ಪೈಲಟ್‌ನ ಕೊನೆಯ ಬಾಗಿಲೂ ಮುಚ್ಚಿತು.

ಆಮೇಲೆ ಒಂದು ಮಧ್ಯಾಹ್ನ ಹೆಂಡತಿ ಮಗಳ ಫೋನು ಹಿಡಿದು ನನ್ನ ಮನೆಗೆ ಬಂದಳು. ಬಕೆಟ್ಟನ್ನು ಹೊಸಿಲಿನ ಹೊರಗಿಟ್ಟು, ಕುರ್ಚಿ ಕೊಟ್ಟರೂ ಕೂರದೆ, ಪರದೆಯ ಮೇಲಿನ ಗೆರೆ ತೋರಿಸಿದಳು. ಗೆರೆ ಗರಗಸದ ಹಲ್ಲಿನಂತಿತ್ತು. ಇಡೀ ಹಗಲು ಏರುವುದು, ಇಳಿಯುವುದು. ಅವನ ರಜೆಯ ದಿನದ ಗೆರೆ ಮಾತ್ರ ಮಲಗಿದ ಹಾವಿನಂತೆ ಚಪ್ಪಟೆ. ಮನೆಯಲ್ಲಿ ಓಡಾಡಿದರೆ ಇಲ್ಲದ ಬಡಿತ, ಕೆಲಸದಲ್ಲಿ ಕೂತರೆ ಯಾಕೆ ಬರುತ್ತದೆ ಎಂಬುದು ಅವಳ ಪ್ರಶ್ನೆ. ಮೊದಲು ತಿಂಡಿಯ ಅನುಮಾನವಿತ್ತು, ಈಗ ಬೇರೆ ಅನುಮಾನ. ಎರಡನೇ ಮಹಡಿಯ ನರ್ಸುಗಳು ತುಂಬ ನಗುತ್ತಾರೆ ಎಂದಷ್ಟೇ ಹೇಳಿದಳು.

ನಾನು ತರಗತಿಯಲ್ಲಿ ಹೇಳುವಂತೆ ಹೇಳಿದೆ. ಗಡಿಯಾರಕ್ಕೆ ನಿಜವಾಗಿ ಗೊತ್ತಿರುವುದು ಚರ್ಮದ ಕೆಳಗೆ ರಕ್ತ ಎಷ್ಟು ಸಲ ಉಕ್ಕಿತು ಎಂಬುದಷ್ಟೇ. ಅದಕ್ಕೆ ವಯಸ್ಸು, ತೂಕ ಸೇರಿಸಿ, ಓಡುವವರನ್ನು ಅಳೆದು ಮಾಡಿಟ್ಟ ಲೆಕ್ಕದಿಂದ ಇಷ್ಟು ಕರಗಿರಬೇಕು ಎಂದು ಊಹಿಸುತ್ತದೆ. ಮನುಷ್ಯ ನಿಜವಾಗಿ ಓಡುತ್ತಿದ್ದರೆ ಊಹೆ ಒಂದು ಮಟ್ಟಕ್ಕೆ ನಡೆಯುತ್ತದೆ, ಆಗಲೂ ತಪ್ಪು ಕಡಿಮೆಯೇನಲ್ಲ. ಕೂತವನ ವಿಷಯದಲ್ಲಿ ಅದು ಪೂರಾ ದಾರಿ ತಪ್ಪುತ್ತದೆ. ಕರಗಿಸುವುದು ದುಡಿಯುವ ಸ್ನಾಯು, ಬರಿಯ ಬಡಿತವಲ್ಲ. ಎದೆ ಎಷ್ಟೋ ಕಾರಣಕ್ಕೆ ಬಡಿಯುತ್ತದೆ: ಜ್ವರ, ಕಾಫಿ, ಸಿಟ್ಟು, ಹೆದರಿಕೆ. ಇವುಗಳ ನಡುವಿನ ವ್ಯತ್ಯಾಸ ಆ ಹಸಿರು ದೀಪಕ್ಕೆ ತಿಳಿಯದು.

ಅವಳು ಫೋನಿನ ಗೆರೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಹೊಡೆದುಹಾಕಿದಳು.

"ಇವರಿಗೆ ಜ್ವರ ಇಲ್ಲಮ್ಮ. ಕಾಫಿ ಬಿಡಿಸಿ ವರ್ಷ ಆಯ್ತು. ಸಿಟ್ಟಂತೂ ಹುಟ್ಟಿದಾಗಿಂದ ಬಂದಿಲ್ಲ, ನಾನೇ ಇಬ್ಬರದ್ದೂ ಸೇರಿಸಿ ಮಾಡ್ಕೊಂಡಿದೀನಿ."

ಉಳಿದದ್ದು ಒಂದೇ. ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

ಮರುದಿನ ನಾನು ಔಷಧಿಯಂಗಡಿಗೆ ಹೋಗಲು ಆರನೇ ಮಹಡಿಯಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ಕೆಳಗೆ ನಡೆದದ್ದನ್ನು ಕಾವಲುಗಾರ ಆಮೇಲೆ ಹೇಳಿದ. ಅವಳು ಬಕೆಟ್ಟನ್ನೂ ಒರೆಸುವ ಕೋಲನ್ನೂ ಗೇಟಿನ ಬಳಿ ಬಿಟ್ಟು, ಕೈ ಒರೆಸಿಕೊಂಡು, ಗಿರಾಕಿಯ ಹಾಗೆ ಲಿಫ್ಟಿನೊಳಗೆ ಹೋಗಿ ಆರನೇ ಮಹಡಿ ಎಂದಳಂತೆ. ನೀನ್ಯಾಕೆ ಇಲ್ಲಿ ಎಂದು ಪೈಲಟ್ ಕೇಳಿದ್ದಕ್ಕೆ, ಬಕೆಟ್ ಇಲ್ಲವಲ್ಲ, ನಡೆಸಿ ಎಂದಳಂತೆ. ಬಾಗಿಲು ಮುಚ್ಚಿತು.

ಮೇಲೆ ಬಾಗಿಲು ತೆರೆದಾಗ ನನಗೆ ಕಂಡದ್ದು ಇಷ್ಟು. ಪೈಲಟ್ ಸ್ಟೂಲಿನ ಮೇಲೆ ಬೆನ್ನು ಗೋಡೆಗೊತ್ತಿ ಕೂತಿದ್ದಾನೆ, ಕುತ್ತಿಗೆಯ ಬೆವರು ಕಾಲರನ್ನು ಕಪ್ಪಾಗಿಸಿದೆ. ಹೆಂಡತಿ ಅವನ ಮಣಿಕಟ್ಟನ್ನು ಹಿಡಿದು ಗಡಿಯಾರವನ್ನಲ್ಲ, ಅವನ ಮುಖವನ್ನು ನೋಡುತ್ತಿದ್ದಾಳೆ. ಅವನು ಎಂದಿನಂತೆ ಎದ್ದು ಹೊರಗೆ ಕಾಲಿಟ್ಟು, ಎಡಗಾಲಿನಿಂದ ಬಾಗಿಲು ತಡೆದ. ಆಗ ಅವಳು ಆ ಕಾಲನ್ನು ನೋಡಿದಳು. ಇಬ್ಬರೂ ನನ್ನನ್ನು ಗೋಡೆಯಂತೆ ಭಾವಿಸಿದರು.

"ಯಾವಾಗಿಂದ?"

"ಜಾಲರಿ ಬಾಗಿಲು ಕಿತ್ತಾಗಿಂದ."

"ಅಲ್ರೀ, ನಾನು ಬಡಿಸಿದ್ದನ್ನೆಲ್ಲ ತಿಂದ್ರಲ್ಲ."

"ಬೇಡ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ."

ಅವಳು ಮೆಟ್ಟಿಲಿಳಿದು ಹೋದಳು. ನಾನು ಲಿಫ್ಟ್ ಹತ್ತಿದೆ. ಕೆಳಗೆ ಬರುವವರೆಗೆ ಪೈಲಟ್ ಗುಂಡಿಗಳ ಕಡೆಗೇ ಮುಖ ಮಾಡಿದ್ದ. ಇಂಥ ಹೆದರಿಕೆಗೆ ಚಿಕಿತ್ಸೆ ಇದೆ, ಅದರ ವೈದ್ಯರು ಬೇರೆ, ನಾಚಿಕೆಪಡುವಂಥದ್ದೇನಲ್ಲ ಎಂದು ಹೇಳಿದೆ. ಅವನು ತಲೆಯಾಡಿಸಿದ. ವಾರದ ರಜೆಯ ದಿನ ಆ ವೈದ್ಯರೂ ಸಿಗರು, ಬೇರೆ ರಜೆಗೆ ಅವರ ಚೀಟಿ ಬೇಕು, ಚೀಟಿ ಕಾರ್ಯದರ್ಶಿಯ ಮೇಜಿಗೆ ಹೋಗುತ್ತದೆ. ಇಷ್ಟನ್ನು ಅವನು ದಾರಿಯಲ್ಲಿ ಮೂರನೇ ಮಹಡಿಗೂ ಎರಡನೇ ಮಹಡಿಗೂ ನಡುವೆ ಹೇಳಿ ಮುಗಿಸಿದ. ಬಹಳ ಸಲ ಯೋಚಿಸಿಟ್ಟಂತಿತ್ತು.

ಮನೆಯಲ್ಲಿ ಸೌಟು ಹಿಂದಕ್ಕೆ ಹೋಯಿತು. ಬಡಿಸೋಕೆ ನನಗೆ ಗಡಿಯಾರ ಬೇಡ ಎಂದು ಹೆಂಡತಿ ಅದನ್ನು ಮಗಳ ಕೈಗಿಟ್ಟಳು. ಮಗಳು ಅದನ್ನು ಅಂಗಡಿಯ ಗಾಜಿನ ಕಪಾಟಿಗೆ ಮರಳಿಸಿದಳು. ಕಾರಣವನ್ನು ಮಗಳಿಗೆ ಯಾರೂ ಹೇಳಲಿಲ್ಲ. ಅಂಗಡಿಯ ಮಾತು ಬೀದಿಗೆ ಬರಲು ಹೊತ್ತು ಬೇಕಿಲ್ಲ.

ಇದಾದ ಮೇಲೆ ಲಿಫ್ಟಿಗೆ ಒಂದು ರೋಗ ಬಂತು. ಕೆಳಗಿನಿಂದ ಆರಕ್ಕೆ ಹೊರಟರೆ ನಡುವೆ ಎಲ್ಲೋ ನಿಂತುಬಿಡುತ್ತಿತ್ತು. ಒಮ್ಮೆ ಮೂರರಲ್ಲಿ, ಒಮ್ಮೆ ನಾಲ್ಕರಲ್ಲಿ. ಬಾಗಿಲು ತೆರೆಯುತ್ತಿತ್ತು. ಹತ್ತುವವರು ಯಾರೂ ಇಲ್ಲ. ಒದ್ದೆ ನೆಲ, ಸೋಪಿನ ವಾಸನೆ, ಮೆಟ್ಟಿಲ ತಿರುವಿನಲ್ಲಿ ಒರೆಸುತ್ತಿರುವ ಒಬ್ಬ ಹೆಂಗಸಿನ ಬೆನ್ನು. ಪೈಲಟ್ ಹೊರಗೆ ಕಾಲಿಟ್ಟು, ಒಂದು ಉಸಿರು ಎಳೆದು, ಒಳಗೆ ಬರುತ್ತಿದ್ದ. ಬಾಗಿಲು ಮುಚ್ಚುತ್ತಿತ್ತು. ಲಿಫ್ಟ್ ಎಲ್ಲಿದೆ ಎಂಬ ಕೆಂಪು ಅಂಕಿ ಪ್ರತಿ ಮಹಡಿಯ ಬಾಗಿಲ ಮೇಲೂ ಕಾಣುತ್ತದೆ. ಒರೆಸುವ ಕೋಲಿನ ಹಿಡಿಯಿಂದ ಗುಂಡಿ ಒತ್ತಲು ಬಕೆಟ್ ಕೆಳಗಿಡುವ ಅಗತ್ಯವೂ ಇಲ್ಲ.

ಬಾಡಿಗೆಯವರು ದೂರು ಕೊಟ್ಟರು. ಲಿಫ್ಟ್ ಕಂಪನಿಯ ಮೆಕ್ಯಾನಿಕ್ ಬಂದು ತಂತಿ ಬಿಚ್ಚಿ ಕಟ್ಟಿದ, ದೋಷ ಸಿಗಲಿಲ್ಲ. ಅವನಿದ್ದಷ್ಟು ಹೊತ್ತು ಲಿಫ್ಟ್ ಒಮ್ಮೆಯೂ ತಪ್ಪಿ ನಿಲ್ಲಲಿಲ್ಲ. ಅವನು ಹೋದ ಕೂಡಲೇ ಮತ್ತೆ ಅದೇ ಕಥೆ. ಮುಂದಿನ ಸಭೆಯಲ್ಲಿ ಕಾರ್ಯದರ್ಶಿಯೇ ಎದ್ದು ನಿಂತು, ಯಂತ್ರ ತಾನಾಗಿ ಎಲ್ಲೆಂದರಲ್ಲಿ ನಿಲ್ಲುತ್ತಿದೆ, ಒಳಗೊಬ್ಬ ಅನುಭವಸ್ಥ ಸದಾ ಇರಲೇಬೇಕು, ಈಗಿರುವವನು ನಿವೃತ್ತಿಯವರೆಗೂ ಇರಲಿ ಎಂದರು. ಕೈ ಎತ್ತಿದವರಲ್ಲಿ ನಾನೂ ಇದ್ದೆ.

ನಾನು ಸುದ್ದಿ ಹೇಳಿದಾಗ ಪೈಲಟ್ ಕೆಳಗಿನ ಮಹಡಿಯಲ್ಲಿ ತೆರೆದ ಬಾಗಿಲಿಗೆ ಒರಗಿ ನಿಂತಿದ್ದ. ಮೊದಲು ಮುಖ ಅರಳಿತು. ಮನೆ ಉಳಿಯಿತು ಎಂದ. ಆಮೇಲೆ ತಿರುಗಿ ಒಳಗಿನ ಸ್ಟೂಲು, ದೀಪ, ಕನ್ನಡಿ ನೋಡಿದ. ಕನ್ನಡಿಯಲ್ಲಿ ಅವನೂ ಇದ್ದ.

"ನಿವೃತ್ತಿಯವರೆಗೂ ಅಂದ್ರಾ ಅಮ್ಮ?"

"ಹೌದು."

"ಒಳಗೇನೇ?"

"ಒಳಗೇ."

ಅವನು ಬದಿಗೆ ಸರಿದು ನನಗೆ ದಾರಿ ಬಿಟ್ಟ. ನಾನು ಹತ್ತಿದೆ. ಹಿಂದಿನಿಂದ ಅವನೂ ಬಂದು ಕೂತು ಆರನೇ ಗುಂಡಿ ಒತ್ತಿದ. ರಬ್ಬರಿನ ಅಂಚುಗಳು ಕೂಡಿಕೊಂಡವು. ಒಂದನೇ ಮಹಡಿ ಹಲ್ಲು ಎಂದು ಅವನು ಮೆಲ್ಲಗೆ ಶುರುಮಾಡಿದ, ಎರಡರ ಹತ್ತಿರ ಅರ್ಧಕ್ಕೆ ಬಿಟ್ಟು ಮೊಣಕಾಲನ್ನು ಹಿಡಿದುಕೊಂಡ. ಆ ದಿನ ಮೂರರಲ್ಲಿ ಲಿಫ್ಟ್ ನಿಲ್ಲಲಿಲ್ಲ. ನಾಲ್ಕರಲ್ಲೂ ಇಲ್ಲ. ಅವಳು ಎಲ್ಲೋ ಹಿಂದೆ ಬಿದ್ದಿದ್ದಳೋ, ಯಾರೋ ಮಾತಿಗೆ ಹಿಡಿದಿದ್ದರೋ. ಅವನು ಬಾಗಿಲ ಮೇಲಿನ ಕೆಂಪು ಅಂಕಿಯಿಂದ ಕಣ್ಣು ತೆಗೆಯಲಿಲ್ಲ. ಐದಕ್ಕೆ ಬಂದಾಗ ಲಿಫ್ಟ್ ನಿಧಾನವಾಯಿತು, ನಿಂತಿತು, ಬಾಗಿಲು ತೆರೆಯಿತು. ಹೊರಗೆ ಅವಳು, ಬಕೆಟ್ಟಿಲ್ಲದೆ, ಮೆಟ್ಟಿಲು ಹತ್ತಿ ಓಡಿಬಂದ ಏದುಸಿರಿನಲ್ಲಿ.

"ತಪ್ಪಿ ಒತ್ತಿಬಿಟ್ಟೆ, ಹೋಗಿ," ಎಂದಳು.

ಪೈಲಟ್ ಎಡಗಾಲು ಹೊರಗಿಟ್ಟು, ಅವಳ ಏದುಸಿರು ಇಳಿಯುವವರೆಗೆ ಬಾಗಿಲು ತಡೆದ.